ಅಮೆರಿಕದಲ್ಲಿ ಹೋಮ್‌ಸ್ಕೂಲಿಂಗ್: ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಏನು ಕೊಡಬೇಕು, ಯಾವ ದಾರಿ ಯಾರಿಗೆ

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸಬಹುದು. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಕಾನೂನು ಇಲ್ಲ, ಪ್ರತಿ ರಾಜ್ಯಕ್ಕೂ ಅದರದೇ ನಿಯಮ. ಟೆಕ್ಸಸ್‌ನ ಫ್ರಿಸ್ಕೋದಲ್ಲಿ ಯಾರಿಗೂ ಒಂದು ಕಾಗದ ಕೊಡದೆ ಓದಿಸುತ್ತಿದ್ದ ಕುಟುಂಬ, ಕೆಲಸ ಬದಲಾಗಿ ನ್ಯೂಯಾರ್ಕ್‌ಗೆ ಹೋದರೆ ವರ್ಷಕ್ಕೆ ಒಂದು ಯೋಜನೆ, ನಾಲ್ಕು ವರದಿ, ಕೊನೆಗೊಂದು ಮೌಲ್ಯಮಾಪನ ಸಲ್ಲಿಸಬೇಕು. ಮಗು ಅದೇ, ಪುಸ್ತಕಗಳೂ ಅವೇ.

ಹೋಮ್‌ಸ್ಕೂಲಿಂಗ್ ಬಗ್ಗೆ ನನ್ನ ಹತ್ತಿರ ಮಾತಾಡುವ ಕನ್ನಡದ ತಂದೆ-ತಾಯಂದಿರು ಮೊದಲು ಕೇಳುವುದು ಪಠ್ಯಕ್ರಮದ ವಿಷಯವಲ್ಲ. "ಡಿಸ್ಟ್ರಿಕ್ಟ್‌ನವರು ಬಿಡ್ತಾರಾ?" ಅಂತ ಕೇಳುತ್ತಾರೆ. ಡಿಸ್ಟ್ರಿಕ್ಟ್ ಎಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಹೆಚ್ಚಿನ ರಾಜ್ಯಗಳಲ್ಲಿ ಅವರು ಬಿಡುವುದು, ಹಿಡಿಯುವುದು ಎಂಬ ಮಾತೇ ಬರುವುದಿಲ್ಲ. ಕಾನೂನು ಏನನ್ನು, ಯಾರಿಗೆ, ಯಾವ ತಾರೀಖಿನೊಳಗೆ ಕೊಡಬೇಕೆಂದು ಹೇಳಿದೆಯೋ ಅದನ್ನು ಕೊಟ್ಟರೆ ಮುಗಿಯಿತು. ನಮಗೆ ಕಚೇರಿಗಳ ಜೊತೆ ವ್ಯವಹರಿಸುವ ಒಂದು ಹಳೆಯ ರೂಢಿ ಇದೆ: ಕೇಳದಿದ್ದರೂ ಇರಲಿ ಅಂತ ನಾಲ್ಕು ಜೆರಾಕ್ಸ್ ಹೆಚ್ಚಿಗೆ ಲಗತ್ತಿಸುವುದು. ಇಲ್ಲಿ ಆ ರೂಢಿ ತೊಂದರೆ ಕೊಡುತ್ತದೆ. ನೀವು ಈ ವರ್ಷ ನೀವಾಗಿಯೇ ಕೊಟ್ಟ ವೇಳಾಪಟ್ಟಿಯನ್ನು ಮುಂದಿನ ವರ್ಷ ಅದೇ ಗುಮಾಸ್ತರು ನಿಯಮವೆಂಬಂತೆ ಕೇಳುತ್ತಾರೆ, ನಿಮ್ಮ ನಂತರ ಬರುವ ಕುಟುಂಬವನ್ನೂ ಕೇಳುತ್ತಾರೆ. ಆದ್ದರಿಂದ ಕೆಳಗೆ ಯಾವ ದಾರಿ ಹಿಡಿದರೂ ನನ್ನ ಸಲಹೆ ಒಂದೇ. ಕಾನೂನು ಕೇಳಿದಷ್ಟನ್ನು ಹೊತ್ತಿಗೆ ಸರಿಯಾಗಿ, ಬರವಣಿಗೆಯಲ್ಲಿ ಕೊಡಿ. ಮನೆಯಲ್ಲಿ ಮಾತ್ರ ಅದರ ಹತ್ತರಷ್ಟು ದಾಖಲೆ ಇಟ್ಟುಕೊಳ್ಳಿ.

ಕ್ಯಾಲಿಫೋರ್ನಿಯಾ: ಒಂದೇ ರಾಜ್ಯ, ನಾಲ್ಕು ದಾರಿ

ನಮ್ಮವರು ಹೆಚ್ಚಾಗಿರುವ ಬೇ ಏರಿಯಾದಿಂದಲೇ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ) ಶುರು ಮಾಡೋಣ. ಇಲ್ಲಿ ಆರು ವರ್ಷದಿಂದ ಹದಿನೆಂಟರವರೆಗೆ ಶಿಕ್ಷಣ ಕಡ್ಡಾಯ. ಕಿಂಡರ್‌ಗಾರ್ಟನ್ ಕಡ್ಡಾಯವಲ್ಲ, ಹಾಗಾಗಿ ಐದು ವರ್ಷದ ಮಗುವಿಗೆ ಯಾವ ಕಾಗದವೂ ಬೇಡ. ವಿಶೇಷವೆಂದರೆ ಈ ರಾಜ್ಯದ ಕಾನೂನಿನಲ್ಲಿ 'ಹೋಮ್‌ಸ್ಕೂಲ್' ಎಂಬ ಪ್ರತ್ಯೇಕ ವರ್ಗವಿಲ್ಲ. ಇರುವ ನಾಲ್ಕು ದಾರಿಗಳಲ್ಲಿ ಒಂದರೊಳಗೆ ನಾವು ಸೇರಿಕೊಳ್ಳಬೇಕು.

ಮೊದಲನೆಯದು ಪ್ರೈವೇಟ್ ಸ್ಕೂಲ್ ಅಫಿಡವಿಟ್. ಎಲ್ಲರೂ ಪಿಎಸ್‌ಎ ಅನ್ನುತ್ತಾರೆ. ನಿಮ್ಮ ಮನೆಯನ್ನೇ ಒಂದು ಖಾಸಗಿ ಶಾಲೆಯೆಂದು ಘೋಷಿಸಿ, ರಾಜ್ಯದ ಶಿಕ್ಷಣ ಇಲಾಖೆಗೆ ಆನ್‌ಲೈನ್‌ನಲ್ಲಿ ಪ್ರತಿವರ್ಷ ಸಲ್ಲಿಸುವ ಪ್ರಮಾಣಪತ್ರ ಇದು. ಕಾನೂನಿನಲ್ಲಿ ಹೇಳಿರುವ ಅವಧಿ ಅಕ್ಟೋಬರ್ 1ರಿಂದ 15. ಶಾಲೆಯ ಹೆಸರು, ವಿಳಾಸ, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ದಾಖಲೆಗಳು ಎಲ್ಲಿವೆ ಎಂಬಂಥ ವಿವರ ತುಂಬಬೇಕು. ಮಗುವಿನ ಹೆಸರನ್ನು ಅದು ಕೇಳುವುದಿಲ್ಲ. ಸಲ್ಲಿಸಿದ ಮೇಲೆ ಇಲಾಖೆ 'ಮಂಜೂರು' ಮಾಡುವುದೂ ಇಲ್ಲ, ಅದು ಬರೀ ದಾಖಲಾತಿ. ಅಫಿಡವಿಟ್ ಸಲ್ಲಿಕೆಯಾಗಿದೆಯೇ ಎಂದು ಪರಿಶೀಲಿಸುವ ಅಧಿಕಾರ ಡಿಸ್ಟ್ರಿಕ್ಟ್‌ನ ಹಾಜರಾತಿ ಅಧಿಕಾರಿಗಿದೆ. ನಿಮ್ಮ ಪಠ್ಯ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಅವರಿಗಿಲ್ಲ. ಮನೆಯಲ್ಲಿ ನೀವು ಇಡಬೇಕಾದದ್ದು ಹಾಜರಿ ಪುಸ್ತಕ (ಅರ್ಧ ದಿನ ಮತ್ತು ಅದಕ್ಕೂ ಹೆಚ್ಚಿನ ಗೈರುಹಾಜರಿ ಗುರುತಿಸಿರಬೇಕು), ಕಲಿಸುವ ವಿಷಯಗಳ ವಿವರ, ಕಲಿಸುವವರ ಹೆಸರು ಮತ್ತು ವಿದ್ಯಾರ್ಹತೆ. ತಂದೆ-ತಾಯಿಗೆ ಶಿಕ್ಷಕರ ಲೈಸೆನ್ಸ್ ಬೇಡ, "ಕಲಿಸಲು ಸಮರ್ಥರು" ಆಗಿದ್ದರೆ ಸಾಕು. ಸರ್ಕಾರಿ ಪರೀಕ್ಷೆಗಳಿಲ್ಲ, ಹಣವೂ ಇಲ್ಲ. ಖರ್ಚೆಲ್ಲ ನಿಮ್ಮದೇ.

ಒಂದು ಮಾತು ಕನ್ನಡದ ಮನೆಗಳಿಗೆ ಮುಖ್ಯ. ಖಾಸಗಿ ಶಾಲೆಯಲ್ಲಿ ಬೋಧನೆ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಇಲ್ಲಿನ ಶಿಕ್ಷಣ ಸಂಹಿತೆ ಹೇಳುತ್ತದೆ. ಹಾಗೆಂದು ಕನ್ನಡ ಕಲಿಸಬಾರದೆಂದಲ್ಲ. ನಿಮ್ಮ ವಿಷಯಗಳ ಪಟ್ಟಿಯಲ್ಲಿ ಕನ್ನಡವನ್ನು ಒಂದು ಭಾಷಾ ವಿಷಯವಾಗಿ ಬರೆದುಕೊಳ್ಳಿ. ಅಜ್ಜಿ ಊರಿಂದ ಬಂದು ಆರು ತಿಂಗಳು ಕೂತು ಕಾಗುಣಿತ, ಗಾದೆ, ಕಥೆ ಹೇಳಿಕೊಟ್ಟರೆ ಅದೂ ಪಾಠವೇ. ಅದನ್ನು ದಿನಚರಿಯಲ್ಲಿ ದಾಖಲಿಸದೆ ಬಿಡಬೇಡಿ.

ಎರಡನೆಯದು ಚಾರ್ಟರ್ ಸ್ಕೂಲ್, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರ ಆಡಳಿತದಡಿ ನಡೆಯುವ ಶಾಲೆ. ಪಿಎಸ್‌ಎ ಮತ್ತು ಚಾರ್ಟರ್ ನಡುವೆ ಆಯ್ಕೆ ಮಾಡುವಾಗಲೇ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಚಾರ್ಟರ್‌ನ 'ಇಂಡಿಪೆಂಡೆಂಟ್ ಸ್ಟಡಿ'ಗೆ ಸೇರಿದ ಮಗು ಮನೆಯಲ್ಲೇ ಓದಿದರೂ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ವಿದ್ಯಾರ್ಥಿ. ನಿಮಗೊಬ್ಬರು ಲೈಸೆನ್ಸ್ ಇರುವ ಶಿಕ್ಷಕರು ನಿಗದಿಯಾಗುತ್ತಾರೆ. ಸುಮಾರು ಇಪ್ಪತ್ತು ಶಾಲಾ ದಿನಗಳಿಗೊಮ್ಮೆ ಭೇಟಿ, ಪ್ರತಿ ವಿಷಯಕ್ಕೂ ಮಗು ಬರೆದ ಕೆಲಸದ ಮಾದರಿ, ಹಾಜರಿ ಲಾಗ್, ವಸಂತದಲ್ಲಿ ರಾಜ್ಯದ ಪರೀಕ್ಷೆ ಎಲ್ಲ ಇರುತ್ತವೆ. ಬದಲಿಗೆ ಸಿಗುವುದು ಕಲಿಕಾ ನಿಧಿ. ಶಾಲೆಯಿಂದ ಶಾಲೆಗೆ ಮೊತ್ತ ಬೇರೆಯಾದರೂ ವರ್ಷಕ್ಕೆ ಎರಡು-ಮೂರು ಸಾವಿರ ಡಾಲರ್ ಆಸುಪಾಸು ಸಾಮಾನ್ಯ. ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ಶಾಲೆ ಒಪ್ಪಿದ ಮಾರಾಟಗಾರರಿಗೆ ಮತ್ತು ಕ್ಲಾಸ್‌ಗಳಿಗೆ ನೇರ ಹೋಗುತ್ತದೆ. ನಿಮ್ಮ ಮಗಳ ಪಿಟೀಲು ಟೀಚರ್ ಆ ಪಟ್ಟಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಸಂಗೀತದ ಫೀಸೂ ಅದರಲ್ಲೇ ಹೋಗಬಹುದು. ಧಾರ್ಮಿಕ ಪಠ್ಯಕ್ಕೆ ಮಾತ್ರ ಅದನ್ನು ಬಳಸುವಂತಿಲ್ಲ. ಶಾಲೆ ನಿಮ್ಮ ಕೌಂಟಿಯದೋ ಪಕ್ಕದ ಕೌಂಟಿಯದೋ ಆಗಿರಬೇಕು. ಜನಪ್ರಿಯ ಶಾಲೆಗಳಲ್ಲಿ ಸೀಟು ಸಿಗದೆ ವೇಟಿಂಗ್ ಲಿಸ್ಟ್‌ನಲ್ಲಿ ಕಾಯಬೇಕಾಗಬಹುದು.

ಹಣದ ಆಸೆಗಷ್ಟೇ ಚಾರ್ಟರ್ ಸೇರಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ತಿಂಗಳಿಗೊಮ್ಮೆ ಯಾರಾದರೂ ಕೂತು ಮಗುವಿನ ಕೆಲಸ ನೋಡಿದರೆ ನಿಮಗೆ ಧೈರ್ಯ ಬರುತ್ತದೆ ಅನ್ನಿಸಿದರೆ ಸೇರಿ. ಮೊದಲ ವರ್ಷದ ಅನೇಕರಿಗೆ ಅದು ನಿಜಕ್ಕೂ ಬೇಕು. ಒಳ್ಳೆಯ ಮೇಲ್ವಿಚಾರಕ ಶಿಕ್ಷಕರು ಸಿಕ್ಕಿದರೆ ಅದು ದೊಡ್ಡ ಭಾಗ್ಯ. ಆದರೆ ನಿಮ್ಮ ಮಗು ಎಂಟನೇ ವರ್ಷಕ್ಕೆ ಇನ್ನೂ ಸರಾಗವಾಗಿ ಓದುತ್ತಿಲ್ಲ, ಅದಕ್ಕೆ ಇನ್ನಷ್ಟು ಸಮಯ ಕೊಡಬೇಕು ಎಂಬುದೇ ಶಾಲೆ ಬಿಡಿಸಿದ ಕಾರಣವಾದರೆ, ತರಗತಿಯ ಮಟ್ಟದ ಮಾದರಿ ಮತ್ತು ಪರೀಕ್ಷೆ ಮತ್ತೆ ಅದೇ ಒತ್ತಡವನ್ನು ಮನೆಗೆ ತರುತ್ತವೆ. ಅಂಥವರಿಗೆ ಪಿಎಸ್‌ಎ ವಾಸಿ.

ಮೂರನೆಯದು ಪ್ರೈವೇಟ್ ಸ್ಯಾಟಲೈಟ್ ಪ್ರೋಗ್ರಾಂ: ಒಂದು ಖಾಸಗಿ ಸಂಸ್ಥೆ ಅಫಿಡವಿಟ್ ಸಲ್ಲಿಸಿ, ಹಾಜರಿ-ಅಂಕಪಟ್ಟಿ ಇಟ್ಟು, ಫೀಸು ತೆಗೆದುಕೊಳ್ಳುತ್ತದೆ. ಪಾಠ ಮನೆಯಲ್ಲೇ. ಹೈಸ್ಕೂಲಿನ ಹೊತ್ತಿಗೆ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ವಿಷಯ-ಅಂಕಗಳ ಅಧಿಕೃತ ಪಟ್ಟಿ) ಕೆಲಸ ಬೇರೆಯವರು ಮಾಡಲಿ ಅನ್ನುವವರಿಗೆ ಇದು ಹಿಡಿಸುತ್ತದೆ. ನಾಲ್ಕನೆಯದು ಲೈಸೆನ್ಸ್ ಇರುವ ಟ್ಯೂಟರ್: ದಿನಕ್ಕೆ ಕನಿಷ್ಠ ಮೂರು ಗಂಟೆ, ವರ್ಷಕ್ಕೆ 175 ದಿನ, ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ. ತಂದೆ ಅಥವಾ ತಾಯಿಗೇ ಕ್ಯಾಲಿಫೋರ್ನಿಯಾದ ಶಿಕ್ಷಕರ ಲೈಸೆನ್ಸ್ ಇದ್ದರೆ ಮಾತ್ರ ಇದು ಅರ್ಥಪೂರ್ಣ.

ಬಿಡಿಸುವ ಕ್ರಮ

ಶಾಲಾ ವರ್ಷದ ಮಧ್ಯದಲ್ಲಿ ಮಗುವನ್ನು ಬಿಡಿಸುವಾಗ ಕ್ರಮ ಬಹಳ ಮುಖ್ಯ. ಮೊದಲು ಹೊಸ ದಾರಿಯ ಕಾಗದ (ಕ್ಯಾಲಿಫೋರ್ನಿಯಾದಲ್ಲಿ ಅಫಿಡವಿಟ್ ಅಥವಾ ಚಾರ್ಟರ್ ದಾಖಲಾತಿ), ಆಮೇಲೆ ಹಳೆ ಶಾಲೆಗೆ ಪತ್ರ, ಅದಾದ ಮೇಲೆ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು. ತಿರುಗಾಮುರುಗಾ ಮಾಡಿದರೆ ಗೈರುಹಾಜರಿ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸರಿಯಾದ ಕಾರಣವಿಲ್ಲದೆ ಒಂದು ವರ್ಷದಲ್ಲಿ ಮೂರು ಪೂರ್ತಿ ದಿನ ತಪ್ಪಿಸಿದರೂ ಮಗು 'ಟ್ರೂಅಂಟ್' (ಅನುಮತಿಯಿಲ್ಲದೆ ಶಾಲೆ ತಪ್ಪಿಸುವ ವಿದ್ಯಾರ್ಥಿ) ಎಂದು ದಾಖಲಾಗುತ್ತದೆ.

ನಮ್ಮ ಮಗಳನ್ನು ಮೂರನೇ ಗ್ರೇಡಿನ ನಡುವೆ ಬಿಡಿಸಿದಾಗ ಶಾಲೆಯ ಕಚೇರಿಯಲ್ಲಿ ಒಂದು ಫಾರ್ಮ್ ಮುಂದೆ ಇಟ್ಟರು. ಮನೆಯ ವೇಳಾಪಟ್ಟಿ, ಪುಸ್ತಕಗಳ ಹೆಸರು, ನನ್ನ ಮತ್ತು ನನ್ನ ಗಂಡನ ಪದವಿ, ಬಿಡಿಸಲು ಕಾರಣ. "ಇದನ್ನು ಡಿಸ್ಟ್ರಿಕ್ಟ್ ಒಪ್ಪಿದ ಮೇಲೆ ಹೆಸರು ತೆಗೆಯುತ್ತೇವೆ" ಅಂದರು. ನಾನು ಫಾರ್ಮ್ ತುಂಬಲಿಲ್ಲ. ಅಲ್ಲೇ ನಿಂತು ಪ್ರಿನ್ಸಿಪಾಲರಿಗೆ ಇಮೇಲ್ ಕಳಿಸಿದೆ. ಅದರಲ್ಲಿ ಇದ್ದದ್ದು ಇಷ್ಟೇ: ಮಗಳ ಹೆಸರು, ಹುಟ್ಟಿದ ದಿನ, ಇಂಥ ತಾರೀಖಿನಿಂದ ಅವಳು ಖಾಸಗಿ ಶಾಲೆಗೆ ಸೇರಿದ್ದಾಳೆ, ಅವಳ ಕ್ಯುಮ್ಯುಲೇಟಿವ್ ಫೈಲನ್ನು (ಇದುವರೆಗಿನ ಶಾಲಾ ದಾಖಲೆಗಳ ಕಡತ) ಈ ವಿಳಾಸಕ್ಕೆ ಕಳಿಸಿ, ಇದುವರೆಗೆ ಕಲಿಸಿದ್ದಕ್ಕೆ ಧನ್ಯವಾದ. ಕಚೇರಿಯ ಹೆಂಗಸು ಅದನ್ನು ಓದಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಲೈಬ್ರರಿ ಪುಸ್ತಕ ವಾಪಸ್ ಕೊಡಿ ಎಂದಷ್ಟೇ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಕೊಟ್ಟಿದ್ದ ಫಾರ್ಮ್ ಅದು. ಆದರೆ ಡಿಸ್ಟ್ರಿಕ್ಟ್ ಅಚ್ಚು ಹಾಕಿಸಿದ ಫಾರ್ಮ್‌ನಲ್ಲಿರುವುದೆಲ್ಲ ಕಾನೂನಿನಲ್ಲಿ ಇರುತ್ತದೆ ಎಂದು ನಂಬಬಾರದು. ಫಾರ್ಮ್ ಕೈಗೆ ಬಂದಾಗ ಪಕ್ಕದಲ್ಲಿ ರಾಜ್ಯದ ಕಾನೂನಿನ ಪುಟ ತೆರೆದಿಟ್ಟು, ಎರಡನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿ.

ಕಡಿಮೆ ಕಾಗದದ ರಾಜ್ಯಗಳು

ಟೆಕ್ಸಸ್ ಮತ್ತು ನ್ಯೂಜೆರ್ಸಿ ಬಗ್ಗೆ ಹೇಳಲು ಹೆಚ್ಚಿಲ್ಲ, ಅದೇ ಅವುಗಳ ಅನುಕೂಲ. ಟೆಕ್ಸಸ್‌ನಲ್ಲಿ 1994ರ ಲೀಪರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯ ಶಾಲೆಯನ್ನೂ ಖಾಸಗಿ ಶಾಲೆಯೆಂದೇ ಒಪ್ಪಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಈ ಐದನ್ನು ಲಿಖಿತ ಪಠ್ಯಕ್ರಮ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸಬೇಕು. ವರದಿ ಇಲ್ಲ, ಪರೀಕ್ಷೆ ಇಲ್ಲ. ಸರ್ಕಾರಿ ಶಾಲೆಯಿಂದ ಬಿಡಿಸುವುದಾದರೆ ಸಹಿ ಹಾಕಿ ತಾರೀಖು ಬರೆದ ಒಂದು ಪತ್ರ ಸಾಕು.

ನ್ಯೂಜೆರ್ಸಿಯ ಕಾನೂನು "ಶಾಲೆಗೆ ಸಮಾನವಾದ ಬೋಧನೆ ಬೇರೆಡೆ" ನಡೆದರೂ ಆಗಬಹುದು ಎನ್ನುತ್ತದೆ, 1967ರ ಮಾಸಾ ತೀರ್ಪು ಅದನ್ನು ಗಟ್ಟಿ ಮಾಡಿದೆ. ಈ ರಾಜ್ಯದ ಎಡಿಸನ್ ಕಡೆಯವರೂ ಶಾಲೆ ಬಿಡಿಸುವಾಗ ಪತ್ರ ಕೊಡುವುದು ಒಳ್ಳೆಯದು. ಮಗು ಎಂದೂ ಸರ್ಕಾರಿ ಶಾಲೆಗೆ ಸೇರಿರದಿದ್ದರೆ ತಾವಾಗಿ ಹೋಗಿ ತಿಳಿಸುವ ಕಟ್ಟುಪಾಡಿಲ್ಲ. ಯಾರೂ ಕೇಳದ ಕಡೆ ದಾಖಲೆ ಇಡುವ ಶಿಸ್ತು ಬೇಗ ಸಡಿಲವಾಗುತ್ತದೆ, ಈ ರಾಜ್ಯಗಳಲ್ಲಿ ಇರುವ ಅಪಾಯ ಅದೊಂದೇ.

ವಾಷಿಂಗ್ಟನ್: ನನಗೆ ಹೆಚ್ಚು ಇಷ್ಟವಾದ ಏರ್ಪಾಡು

ವಾಷಿಂಗ್ಟನ್ ರಾಜ್ಯದ ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆಯ ಕುಟುಂಬಗಳಿಗೆ ನಿಯಮ ಮಧ್ಯಮ ತೂಕದ್ದು. ಕಡ್ಡಾಯ ಶಿಕ್ಷಣ ಶುರುವಾಗುವುದೇ ಎಂಟು ವರ್ಷಕ್ಕೆ. ಆಮೇಲೆ ಪ್ರತಿವರ್ಷ ಸೆಪ್ಟೆಂಬರ್ 15ರೊಳಗೆ ನಿಮ್ಮ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ 'ಡಿಕ್ಲರೇಷನ್ ಆಫ್ ಇಂಟೆಂಟ್' (ಮನೆಯಲ್ಲೇ ಓದಿಸುತ್ತೇವೆಂಬ ಘೋಷಣೆ) ಕೊಡಬೇಕು. ವಿಷಯಗಳು ಹನ್ನೊಂದು. ಕಲಿಸುವ ತಂದೆ ಅಥವಾ ತಾಯಿಗೆ ಒಂದು ಅರ್ಹತೆ ಬೇಕು: 45 ಕ್ವಾರ್ಟರ್ ಕ್ರೆಡಿಟ್‌ನಷ್ಟು ಕಾಲೇಜು ಓದು, ಇಲ್ಲವೇ ಹೋಮ್‌ಸ್ಕೂಲಿಂಗ್ ಕುರಿತ ಅರ್ಹತಾ ಕೋರ್ಸ್, ಇಲ್ಲವೇ ಲೈಸೆನ್ಸ್ ಇರುವ ಶಿಕ್ಷಕರ ವಾರದ ಮೇಲ್ವಿಚಾರಣೆ, ಇಲ್ಲವೇ ಸೂಪರಿಂಟೆಂಡೆಂಟರ ಒಪ್ಪಿಗೆ. 45 ಕ್ವಾರ್ಟರ್ ಕ್ರೆಡಿಟ್ ಎಂದರೆ ಸುಮಾರು ಒಂದು ವರ್ಷದ ಕಾಲೇಜು. ದಾವಣಗೆರೆಯಲ್ಲಿ ಬಿ.ಇ. ಮಾಡಿದವರಾಗಲಿ, ಧಾರವಾಡದಲ್ಲಿ ಬಿ.ಕಾಂ. ಮುಗಿಸಿದವರಾಗಲಿ ಅದನ್ನು ಎಂದೋ ದಾಟಿರುತ್ತಾರೆ. ಮಾರ್ಕ್ಸ್‌ಕಾರ್ಡನ್ನು ಮನೆಯ ಫೈಲಿನಲ್ಲಿ ಇಟ್ಟುಕೊಳ್ಳಿ.

ವರ್ಷಕ್ಕೊಮ್ಮೆ ಮಗುವಿಗೆ ಪ್ರಮಾಣಿತ ಪರೀಕ್ಷೆ ಅಥವಾ ಲೈಸೆನ್ಸ್ ಇರುವ ಶಿಕ್ಷಕರಿಂದ ಮೌಲ್ಯಮಾಪನ ಆಗಬೇಕು. ಫಲಿತಾಂಶ ನಿಮ್ಮ ಹತ್ತಿರವೇ ಇರುತ್ತದೆ, ಡಿಸ್ಟ್ರಿಕ್ಟ್‌ಗೆ ಹೋಗುವುದಿಲ್ಲ. ಇದು ನನಗೆ ಬಹಳ ಹಿಡಿಸಿದ ಅಂಶ. ಮಗು ಎಲ್ಲಿದೆ ಎಂದು ತಂದೆ-ತಾಯಿಗೆ ತಿಳಿಯಲೇಬೇಕು, ಆದರೆ ಆ ಅಂಕಿ ಯಾರ ಕಡತಕ್ಕೂ ಸೇರುವುದಿಲ್ಲ. ಇನ್ನೂ ಒಂದು ಅನುಕೂಲ: ಇಲ್ಲಿನ ಹೋಮ್‌ಸ್ಕೂಲ್ ಮಕ್ಕಳು ಸ್ಥಳೀಯ ಸರ್ಕಾರಿ ಶಾಲೆಗೆ ಪಾರ್ಟ್‌ಟೈಂ ಸೇರಬಹುದು. ಗಣಿತ, ಕನ್ನಡ, ಇತಿಹಾಸ ಮನೆಯಲ್ಲಿ, ಆರ್ಕೆಸ್ಟ್ರಾ ಮತ್ತು ಕೆಮಿಸ್ಟ್ರಿ ಲ್ಯಾಬ್ ಶಾಲೆಯಲ್ಲಿ. ಹನ್ನೊಂದು, ಹನ್ನೆರಡನೇ ಗ್ರೇಡಿನಲ್ಲಿ ರನ್ನಿಂಗ್ ಸ್ಟಾರ್ಟ್ ಮೂಲಕ ಕಮ್ಯುನಿಟಿ ಕಾಲೇಜಿನ ಪಾಠಗಳನ್ನು ಟ್ಯೂಷನ್ ಫೀಸಿಲ್ಲದೆ ತೆಗೆದುಕೊಳ್ಳುವ ದಾರಿಯೂ ತೆರೆದಿದೆ. ಅಲ್ಲಿನ ಡಿಸ್ಟ್ರಿಕ್ಟ್‌ಗಳೇ ನಡೆಸುವ ಪೇರೆಂಟ್ ಪಾರ್ಟ್‌ನರ್‌ಶಿಪ್ ಕಾರ್ಯಕ್ರಮಕ್ಕೆ ಪೂರ್ತಿಯಾಗಿ ಸೇರಿದರೆ ಮಾತ್ರ ಕ್ಯಾಲಿಫೋರ್ನಿಯಾದ ಚಾರ್ಟರ್‌ನಂತೆ ಮಗು ಮತ್ತೆ ಸರ್ಕಾರಿ ಶಾಲೆಯ ಲೆಕ್ಕಕ್ಕೆ ಬರುತ್ತದೆ.

ಹೆಚ್ಚು ಕಾಗದದ ರಾಜ್ಯಗಳು: ಹೆದರಬೇಡಿ, ಕ್ಯಾಲೆಂಡರ್ ಬರೆದಿಡಿ

ನ್ಯೂಯಾರ್ಕ್‌ನಲ್ಲಿ ಜುಲೈ 1ರೊಳಗೆ ಉದ್ದೇಶಪತ್ರ. ಶಾಲಾ ವರ್ಷದ ನಡುವೆ ಶುರು ಮಾಡಿದರೆ 14 ದಿನದೊಳಗೆ. ಆಮೇಲೆ ಡಿಸ್ಟ್ರಿಕ್ಟ್ ಕಳಿಸುವ ಫಾರ್ಮ್ ಆಧರಿಸಿ ವೈಯಕ್ತಿಕ ಬೋಧನಾ ಯೋಜನೆ. ಇದನ್ನು ಐಎಚ್‌ಐಪಿ ಅನ್ನುತ್ತಾರೆ. ಒಂದರಿಂದ ಆರನೇ ಗ್ರೇಡಿಗೆ ವರ್ಷಕ್ಕೆ 900 ಗಂಟೆ, ಏಳರಿಂದ ಹನ್ನೆರಡಕ್ಕೆ 990 ಗಂಟೆ. ಮೂರು ತಿಂಗಳಿಗೊಮ್ಮೆ ವರದಿ. ನಿಯಮ ಕಠಿಣವೆಂದು ಕಂಡರೂ ಒಳಗೆ ನೋಡಿದರೆ ಉಸಿರಾಡಲು ಜಾಗ ಇದೆ. ವರದಿಯ ನಾಲ್ಕು ತಾರೀಖುಗಳನ್ನು ಯೋಜನೆಯಲ್ಲಿ ನೀವೇ ಬರೆದುಕೊಡುತ್ತೀರಿ, ಆದ್ದರಿಂದ ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ವಾರಕ್ಕೆ ಯಾವ ವರದಿಯೂ ಬೀಳದಂತೆ ನೋಡಿಕೊಳ್ಳಬಹುದು. ವರದಿಯಲ್ಲಿ ಇರಬೇಕಾದದ್ದು ಗಂಟೆಗಳು, ಪ್ರತಿ ವಿಷಯದಲ್ಲಿ ಏನಾಯಿತು, ಒಂದು ಗ್ರೇಡ್ ಅಥವಾ ಬರಹದ ಅಭಿಪ್ರಾಯ. ಅಂದುಕೊಂಡಿದ್ದರ ಶೇ. 80ಕ್ಕಿಂತ ಕಡಿಮೆ ಆಗಿದ್ದರೆ ಯಾಕೆಂದು ಒಂದು ವಿವರಣೆ. "ಭಿನ್ನರಾಶಿ: ಛೇದ ಬೇರೆಯಿದ್ದಾಗ ಕೂಡುವುದು, ಕಳೆಯುವುದು. ಚೆನ್ನಾಗಿ ಮಾಡುತ್ತಾನೆ" ಎಂಬಷ್ಟರ ಇಂಗ್ಲಿಷ್ ಸಾಲುಗಳು ಸಾಕು. ಪ್ರತಿ ವಿಷಯಕ್ಕೆ ಎರಡು ಪುಟ ಬರೆಯುವ ಅಗತ್ಯವಿಲ್ಲ.

ವರ್ಷದ ಕೊನೆಯ ಮೌಲ್ಯಮಾಪನಕ್ಕೂ ಆಯ್ಕೆ ಇದೆ. ಒಂದರಿಂದ ಮೂರನೇ ಗ್ರೇಡಿನವರೆಗೆ ಪರೀಕ್ಷೆಯ ಬದಲು ಬರಹದ ಮೌಲ್ಯಮಾಪನ ಕೊಡಬಹುದು. ನಾಲ್ಕರಿಂದ ಎಂಟರವರೆಗೆ ವರ್ಷ ಬಿಟ್ಟು ವರ್ಷ. ಪರೀಕ್ಷೆ ಬರೆದಾಗ ಒಟ್ಟು ಅಂಕ 33ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು (ಅಂದರೆ ನೂರರಲ್ಲಿ ಮೂವತ್ಮೂರು ಮಕ್ಕಳಿಗಿಂತ ಮುಂದಿರಬೇಕು), ಅಥವಾ ಹಿಂದಿನ ಪರೀಕ್ಷೆಗಿಂತ ಒಂದು ವರ್ಷದ ಪ್ರಗತಿ ಕಾಣಬೇಕು. ಈ ರಾಜ್ಯದಲ್ಲಿ ಎರಡು ಮಾತು ಮೊದಲೇ ತಿಳಿದಿರಲಿ. ಹೋಮ್‌ಸ್ಕೂಲ್ ಮಕ್ಕಳಿಗೆ ಡಿಸ್ಟ್ರಿಕ್ಟ್ ಡಿಪ್ಲೊಮಾ ಕೊಡುವುದಿಲ್ಲ, ಶಾಲೆಗಳ ನಡುವಿನ ಪಂದ್ಯಗಳ ತಂಡದಲ್ಲಿ ಆಡಲೂ ಆಗುವುದಿಲ್ಲ. ಕ್ರಿಕೆಟ್ ಕ್ಲಬ್‌ನಲ್ಲಿ ಆಡುವ ಹುಡುಗನಿಗೆ ಇದು ತಟ್ಟದಿರಬಹುದು, ಈಜು ಅಥವಾ ಟ್ರ್ಯಾಕ್ ಇಷ್ಟಪಡುವವರಿಗೆ ತಟ್ಟುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಆಗಸ್ಟ್ 1ರೊಳಗೆ ಅಫಿಡವಿಟ್, ವರ್ಷವಿಡೀ ಮಗುವಿನ ಕೆಲಸದ ಪೋರ್ಟ್‌ಫೋಲಿಯೊ, ಮೂರು-ಐದು-ಎಂಟನೇ ಗ್ರೇಡಿನಲ್ಲಿ ಪರೀಕ್ಷೆ. ಪೋರ್ಟ್‌ಫೋಲಿಯೊವನ್ನು ನೋಡುವವರು ನೀವೇ ಆರಿಸಿಕೊಂಡ ಮೌಲ್ಯಮಾಪಕರು. 2014ರ ಕಾನೂನಾದ ಮೇಲೆ ಅವರ ಪ್ರಮಾಣಪತ್ರ ಮಾತ್ರ ಜೂನ್ 30ರೊಳಗೆ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ. ಪೋರ್ಟ್‌ಫೋಲಿಯೊ ಹೋಗುವುದಿಲ್ಲ.

ಮ್ಯಾಸಚೂಸೆಟ್ಸ್‌ನಲ್ಲಾದರೆ "ಡಿಸ್ಟ್ರಿಕ್ಟ್‌ನವರು ಬಿಡ್ತಾರಾ?" ಎಂಬ ಪ್ರಶ್ನೆ ನಿಜಕ್ಕೂ ಸರಿಯಾದದ್ದು. ಅಲ್ಲಿ ಶುರು ಮಾಡುವ ಮೊದಲೇ ಸ್ಥಳೀಯ ಸೂಪರಿಂಟೆಂಡೆಂಟ್ ಅಥವಾ ಸ್ಕೂಲ್ ಕಮಿಟಿಯ ಒಪ್ಪಿಗೆ ಬೇಕು, ಅಲ್ಲಿಯವರೆಗೆ ಮಗು ಶಾಲೆಗೆ ಹೋಗುತ್ತಿರಬೇಕು. ಊರಿಂದ ಊರಿಗೆ ವರ್ತನೆ ಬೇರೆ. ಅವರು ಏನೇನು ಕೇಳಬಹುದು ಎಂಬುದನ್ನು 1987ರ 'ಚಾರ್ಲ್ಸ್' ತೀರ್ಪು ನಿಗದಿಪಡಿಸಿದೆ: ವಿಷಯಗಳು ಮತ್ತು ಗಂಟೆಗಳು, ಕಲಿಸುವವರ ಸಾಮರ್ಥ್ಯ, ಬಳಸುವ ಪುಸ್ತಕಗಳು, ಪ್ರಗತಿಯನ್ನು ಅಳೆಯುವ ರೀತಿ. ಶಿಕ್ಷಕರ ಲೈಸೆನ್ಸ್ ಇರಲೇಬೇಕು ಎನ್ನುವಂತಿಲ್ಲ. ಮನೆಗೆ ಬಂದು ನೋಡುತ್ತೇವೆ ಎಂಬ ಷರತ್ತು ಹಾಕುವಂತಿಲ್ಲ ಎಂದು 1998ರ ಬ್ರೂನೆಲ್ ಪ್ರಕರಣದಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯವೇ ಹೇಳಿದೆ. ಅಳೆಯುವ ರೀತಿಯನ್ನು ಡಿಸ್ಟ್ರಿಕ್ಟ್ ಜೊತೆ ಮಾತಾಡಿ ಒಪ್ಪಿಕೊಳ್ಳಬೇಕಾಗುತ್ತದೆ, ಮೊದಲ ಪತ್ರದಲ್ಲೇ ನಿಮ್ಮ ಆಯ್ಕೆ ಬರೆಯಿರಿ. ಪರೀಕ್ಷೆ, ಕೆಲಸದ ಮಾದರಿ, ವರ್ಷಾಂತ್ಯದ ವರದಿ ಇವುಗಳಲ್ಲಿ ಒಂದನ್ನು ನೀವು ಮೊದಲು ಹೆಸರಿಸಿದರೆ ಮಾತುಕತೆ ಅಲ್ಲಿಂದ ಶುರುವಾಗುತ್ತದೆ.

ನಿಮ್ಮ ಮನೆಯ ಪರಿಸ್ಥಿತಿ ಯಾವುದು?

ಮಗುವಿಗೆ ಐಇಪಿ (ವಿಶೇಷ ಅಗತ್ಯವಿರುವ ಮಗುವಿಗೆ ಶಾಲೆ ಬರೆದುಕೊಡುವ ವೈಯಕ್ತಿಕ ಶಿಕ್ಷಣ ಯೋಜನೆ) ಇದ್ದರೆ, ಅಂದರೆ ಸ್ಪೀಚ್ ಥೆರಪಿಯೋ ವಿಶೇಷ ಶಿಕ್ಷಣವೋ ಸಿಗುತ್ತಿದ್ದರೆ, ಈ ನಿರ್ಧಾರವನ್ನು ಅವಸರದಲ್ಲಿ ತೆಗೆದುಕೊಳ್ಳಬೇಡಿ. ಖಾಸಗಿ ಶಾಲೆಯ ದಾರಿ ಹಿಡಿದ ಮಗುವಿಗೆ ಸರ್ಕಾರಿ ಶಾಲೆಯಲ್ಲಿದ್ದ ವೈಯಕ್ತಿಕ ಹಕ್ಕು ಉಳಿಯುವುದಿಲ್ಲ. ಪರೀಕ್ಷಿಸಿ ಗುರುತಿಸುವ ಹೊಣೆ ಡಿಸ್ಟ್ರಿಕ್ಟ್‌ನದೇ ಆದರೂ ಅದೇ ಸೇವೆ ಅಷ್ಟೇ ಗಂಟೆ ಸಿಗುತ್ತದೆಂಬ ಖಾತರಿ ಇಲ್ಲ. ಚಾರ್ಟರ್ ಸೇರಿದರೆ ಐಇಪಿ ಜೊತೆಗೇ ಬರುತ್ತದೆ. ಇಂಥ ಮನೆಗಳಿಗೆ ನಾನು ಕ್ಯಾಲಿಫೋರ್ನಿಯಾದಲ್ಲಿ ಚಾರ್ಟರ್ ಅನ್ನೇ ಮೊದಲು ನೋಡಿ ಎನ್ನುತ್ತೇನೆ.

ಎರಡು-ಮೂರು ವರ್ಷದಲ್ಲಿ ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋಗುವ ಯೋಚನೆ ಇದ್ದರೆ ಕಾಗದದ ಲೆಕ್ಕ ಬೇರೆ. ಅಲ್ಲಿನ ಖಾಸಗಿ ಶಾಲೆಗಳು ಟಿಸಿ ಮತ್ತು ಅಂಕಪಟ್ಟಿ ಕೇಳುತ್ತವೆ. ಚಾರ್ಟರ್ ಮಗುವಿಗೆ ಅಧಿಕೃತ ಶಾಲೆಯ ರಿಪೋರ್ಟ್ ಕಾರ್ಡ್ ಸಿಗುತ್ತದೆ. ಪಿಎಸ್‌ಎ ಇದ್ದರೆ ಶಾಲೆ ನಿಮ್ಮದೇ ಆದ್ದರಿಂದ ವರ್ಷವರ್ಷದ ಅಂಕಪಟ್ಟಿಯನ್ನು ನೀವೇ ಶಾಲೆಯ ಹೆಸರಿನಲ್ಲಿ, ತಾರೀಖು ಸಹಿತ ಮಾಡಿಟ್ಟುಕೊಳ್ಳಬೇಕು. ಹತ್ತನೇ ತರಗತಿಯ ಹೊತ್ತಿಗೆ ಹೋಗುವವರಿಗೆ ಎನ್‌ಐಒಎಸ್ (ಭಾರತದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಒಂದು ಭದ್ರವಾದ ದಾರಿ. ಹದಿನಾಲ್ಕು ತುಂಬಿದ ಮಗು ಹಿಂದಿನ ಶಾಲೆಯ ಟಿಸಿ ಇಲ್ಲದೆಯೂ ಸ್ವಯಂ ದೃಢೀಕರಣ ಕೊಟ್ಟು ಅಲ್ಲಿ ಹತ್ತನೇ ತರಗತಿಗೆ ನೋಂದಾಯಿಸಬಹುದು.

ಇಲ್ಲೇ ಕಾಲೇಜಿಗೆ ಹೋಗುವವರಾದರೆ, ರಾಜ್ಯದ ಕಾನೂನಿನಂತೆ ಹೋಮ್‌ಸ್ಕೂಲ್ ಮುಗಿಸಿದವರು ಫೆಡರಲ್ ನೆರವಿಗೆ ಅರ್ಜಿ ಹಾಕಬಹುದು. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕಡೆ ಕಣ್ಣಿದ್ದರೆ ಒಂಬತ್ತನೇ ಗ್ರೇಡಿಗೆ ಮುಂಚೆಯೇ ಯೋಚಿಸಿ. ಅಲ್ಲಿ ಬೇಕಾಗುವ 'ಎ-ಜಿ' ವಿಷಯಗಳಿಗೆ ಮಾನ್ಯತೆ ಪಡೆದ ಕೋರ್ಸ್‌ಗಳು ಅನೇಕ ಚಾರ್ಟರ್‌ಗಳಲ್ಲಿ ಇವೆ. ಪಿಎಸ್‌ಎ ಕುಟುಂಬಗಳು ಸಾಮಾನ್ಯವಾಗಿ ಕಮ್ಯುನಿಟಿ ಕಾಲೇಜಿನ ಪಾಠಗಳಿಂದ ಆ ಜಾಗ ತುಂಬಿಸುತ್ತವೆ.

ರಾಜ್ಯ ಬದಲಿಸುವವರು ಟ್ರಕ್ ಬುಕ್ ಮಾಡುವ ಮೊದಲು ಹೊಸ ರಾಜ್ಯದ ಗಡುವನ್ನು ನೋಡಿಕೊಳ್ಳಿ. ಟೆಕ್ಸಸ್‌ನಿಂದ ನ್ಯೂಯಾರ್ಕ್‌ಗೆ ಹೋದರೆ 14 ದಿನದ ಲೆಕ್ಕ ಅಲ್ಲಿ ಮನೆಪಾಠ ಶುರುವಾದ ದಿನದಿಂದಲೇ ಓಡುತ್ತದೆ. ಮ್ಯಾಸಚೂಸೆಟ್ಸ್‌ಗೆ ಹೋಗುವುದಾದರೆ ಬಾಡಿಗೆ ಕರಾರಿಗೆ ಸಹಿ ಹಾಕಿದ ವಾರವೇ ಆ ಊರಿನ ಸೂಪರಿಂಟೆಂಡೆಂಟ್‌ಗೆ ಯೋಜನೆ ಕಳಿಸಿ, ತಲುಪಿದ್ದಕ್ಕೆ ಉತ್ತರ ಕೇಳಿ. ಹಾಜರಿ ಪುಸ್ತಕ, ಕೆಲಸದ ಮಾದರಿ, ಹಳೆಯ ಅಫಿಡವಿಟ್‌ನ ಪ್ರತಿ ಇರುವ ಫೈಲನ್ನು ಸಾಮಾನಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.